ಕಾಣುವ ರೋಗ, ಕಾಣದ ಬೇನೆ

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರಿಗೆ ಜೋಗುಳಬಾವಿ ಗೊತ್ತು. ಜಮದಗ್ನಿಯ ಶಾಪದಿಂದ ಮೈಯೆಲ್ಲ ಕೆಟ್ಟ ರೇಣುಕೆ, ಏಕಯ್ಯ ಜೋಗಯ್ಯರ ಮಾತಿನಂತೆ ಮಿಂದು, ಅರಿಷಿಣ ಹಚ್ಚಿಕೊಂಡು ಗುಣಹೊಂದಿದಳೆಂಬುದು ಐತಿಹ್ಯ. ನನ್ನ ಮೊಳಕಾಲ ಕೆಳಗೆ ಕೆಂಪು ಗಂಟುಗಳೆದ್ದು ಹರಡು ಬಾತಾಗ ತಾಯಿ ಅಂದದ್ದು ಒಂದೇ ಮಾತು: “ಯಪ್ಪಾ, ಗುಡ್ಡಕ್ಕ ಹೋಗಿ ಬರೂಣು.”

ನಾನು ಹೋದದ್ದು ದವಾಖಾನೆಗೆ. ಎದೆಯ ಚಿತ್ರದಲ್ಲಿ ಬಾತ ಗ್ರಂಥಿಗಳನ್ನು ಕಂಡು ಕ್ಷಯವೆಂದರು. ಆರು ತಿಂಗಳು ಔಷಧ ನುಂಗಿದೆ. ಗಂಟುಗಳು ಮಾಯವಾದವು, ಬೇನೆ ಹೋಗಲಿಲ್ಲ. ಆಮೇಲೆ ಗ್ರಂಥಿಯ ಚೂರು ತೆಗೆದು ನೋಡಿದಾಗ ಸಾರ್ಕಾಯ್ಡೋಸಿಸ್ ಎಂಬ ಹೆಸರು ಹೊರಬಿತ್ತು. ಮೊದಲಿನವರನ್ನು ದೂರಲಾರೆ. ಸೂಕ್ಷ್ಮದರ್ಶಕದಲ್ಲಿ ಎರಡೂ ರೋಗಗಳ ಕಣಗಂಟುಗಳು ಅಣ್ಣತಮ್ಮಂದಿರಂತಿರುತ್ತವೆ. ಕ್ಷಯದ ಗಂಟಿನ ನಡುವೆ ಮಾತ್ರ ಸಾಮಾನ್ಯವಾಗಿ ಗಿಣ್ಣದಂತೆ ಕೊಳೆತಿರುತ್ತದೆ. ಕ್ಷಯ ಮನೆಮನೆಗೆ ಗೊತ್ತಿರುವ ನಮ್ಮ ದೇಶದಲ್ಲಿ ಈ ರೋಗ ಬಲು ಅಪರೂಪವೆಂದೇ ಬಹುಕಾಲ ತಿಳಿದಿದ್ದರು.

ಇದರ ಚರಿತ್ರೆಯನ್ನು ಓದುತ್ತ ಹೋದಂತೆ ನನಗೊಂದು ಸಂಗತಿ ಹೊಳೆಯಿತು. 1869ರಲ್ಲಿ ಲಂಡನ್ನಿನ ಹಚಿನ್‌ಸನ್ ಕಂಡದ್ದು ಚರ್ಮದ ಮೇಲಿನ ಮಚ್ಚೆ. 1899ರಲ್ಲಿ ನಾರ್ವೆಯ ಬೆಕ್ ‘ಸಾರ್ಕಾಯ್ಡ್’, ಅಂದರೆ ಮಾಂಸದ ಗಡ್ಡೆಯಂಥದ್ದು, ಎಂದು ಕರೆದದ್ದೂ ಚರ್ಮದ ಗಂಟನ್ನೇ. 1946ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಕಾಲಿನ ಗಂಟುಗಳಿಗೂ ಎದೆಯ ಗ್ರಂಥಿಗಳಿಗೂ ನಂಟು ತೋರಿಸಿದ. ಎಲ್ಲವೂ ಕಣ್ಣಿಗೆ ಬಿದ್ದದ್ದು! ಗಂಟು ಕರಗಿದ ಮೇಲೂ ಅಂಗಾಲು ಉರಿಯುವುದೇಕೆ, ರಾತ್ರಿ ಹೊದಿಕೆ ತಾಗಿದರೂ ಚುಚ್ಚುವುದೇಕೆ? ಈ ರೋಗದಲ್ಲಿ ಅತಿ ಸಣ್ಣ ನರತಂತುಗಳೂ ಕೆಡುತ್ತವೆಂದು ನೆದರ್ಲೆಂಡ್ಸಿನ ವೈದ್ಯರು ತೋರಿಸಿದ್ದು 2002ರಲ್ಲಿ. ದೊಡ್ಡ ನರಗಳನ್ನು ಅಳೆಯುವ ಪರೀಕ್ಷೆಗೆ ಅವು ಸಿಗುವುದೇ ಇಲ್ಲ. ಅದಕ್ಕೂ ಮುಂಚೆ ನನ್ನಂಥವರು ಎಷ್ಟು ಮಂದಿ ‘ಏನೂ ಇಲ್ಲ, ಹೋಗಿ’ ಎನಿಸಿಕೊಂಡು ಮನೆಗೆ ಬಂದಿರಬೇಡ!

ರಾಮದುರ್ಗದಲ್ಲಿ ಮಗ್ಗ ನಡೆಸುವ ನಮ್ಮ ಸೋದರಮಾವ ಬಂದಾಗ, “ಮಾರಿ ತುಂಬಿ ಬಂದೈತಿ, ಆರಾಮ ಆದಿ ಬಿಡು” ಎಂದ. ಮುಖ ತುಂಬಿದ್ದು ಸ್ಟಿರಾಯ್ಡ್ ಗುಳಿಗೆಯಿಂದ. 1948ರಲ್ಲಿ ಕಾರ್ಟಿಸೋನ್ ಮೊದಲು ಸಂಧಿವಾತದ ರೋಗಿಗೆ ಸಿಕ್ಕಿತು. ಅದರ ಬಳಗವೇ ಇಂದಿಗೂ ಈ ರೋಗದ ಮುಖ್ಯ ಮದ್ದು. ಬಾವು ಇಳಿಯುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಥಟ್ಟನೆ ಬಿಡುವಂತಿಲ್ಲ, ಮೆಟ್ಟಿಲಿಳಿದಂತೆ ಇಳಿಸಬೇಕು. ನರದ ಉರಿಗೆ ಅದು ಸಾಲದು. ಅದಕ್ಕೆ ಬೇರೆಯೇ ಗುಳಿಗೆ. ಉಳಿದದ್ದು ನನ್ನ ಲೆಕ್ಕಾಚಾರ: ಎರಡು ತಾಸು ಪಾಠವಿದ್ದರೆ ಒಂದನ್ನು ಕೂತು ಹೇಳುತ್ತೇನೆ; ಮೈ ಹಗುರಾದ ದಿನ ಎಲ್ಲ ಕೆಲಸ ಮುಗಿಸುವ ಆಸೆಗೆ ಬೀಳುವುದಿಲ್ಲ. ಬಿದ್ದರೆ ಮರುದಿನ ಹಾಸಿಗೆ.

ಸಂಜೆ ಬೈಲಹೊಂಗಲದ ಚೆನ್ನಮ್ಮನ ಸಮಾಧಿಯವರೆಗೆ ನಡೆದು, ದಣಿವಿಗೆ ಮೊದಲೇ ಕೂಡುತ್ತೇನೆ. ಕಿತ್ತೂರಿನ ಕಾಳಗ 1824ರ ಅಕ್ಟೋಬರ್ 23ರಂದು ಎಂಬುದನ್ನು ನಮ್ಮ ಹುಡುಗರು ನಿದ್ದೆಯಲ್ಲೂ ಹೇಳುತ್ತಾರೆ. ಥ್ಯಾಕರೆ ಬಿದ್ದ ಬಗೆಯನ್ನೂ ಬಣ್ಣಿಸುತ್ತಾರೆ. ಆಮೇಲೆ ಇದೇ ಊರಿನ ಕೋಟೆಯಲ್ಲಿ ಆಕೆ 1829ರಲ್ಲಿ ತೀರಿಕೊಳ್ಳುವತನಕ ಕಳೆದ ಸೆರೆಯ ದಿನಗಳನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ನಾನೂ ಕೇಳಿದವನಲ್ಲ.

ಹೋದ ಬನದ ಹುಣ್ಣಿಮೆ ಮುಗಿದ ವಾರ ತಾಯಿಯ ಜೊತೆ ಗುಡ್ಡಕ್ಕೆ ಹೋದೆ. ಆಕೆ ಹಣೆಗೆ ಹಚ್ಚಿ ಉಳಿದ ಭಂಡಾರವನ್ನು ನನ್ನ ಹರಡಿಗೆ ಸವರಿದಳು. ಅಲ್ಲಿ ಬಾವಿರಲಿಲ್ಲ, ಕೆಂಪೂ ಇರಲಿಲ್ಲ. “ಎಲ್ಲಿ ನೂಸ್ತದ ಹೇಳು” ಎಂದಳು. ಬೆರಳಿಟ್ಟು ತೋರಿಸಿದೆ.