ಏರು ಯಾರ ಲೆಕ್ಕಕ್ಕೆ?

ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ, ಫೇರ್‌ಫ್ಯಾಕ್ಸ್ ಊರಿನ ಪಶ್ಚಿಮಕ್ಕೆ, ಕ್ಯಾಸ್ಕೇಡ್ ಕಣಿವೆಗೆ ಇಳಿಯುವ ಒಂದು ಮಣ್ಣಿನ ರಸ್ತೆಯಿದೆ. ಮೂರೂವರೆ ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ ಅದು 1,300 ಅಡಿ ಕೆಳಗಿಳಿಯುತ್ತದೆ. 1970ರ ದಶಕದ ನಡುವಿನಲ್ಲಿ ಅಲ್ಲಿ ಸೈಕಲ್ ಬಿಡುತ್ತಿದ್ದವರ ಬ್ರೇಕು ಇದ್ದದ್ದು ಹಿಂದಿನ ಚಕ್ರದ ಹಬ್ಬಿನೊಳಗೆ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುತ್ತಿತ್ತು. ತುದಿಯಿಂದ ಬುಡದವರೆಗೆ ಒತ್ತಿಕೊಂಡೇ ಬಂದರೆ ಹಬ್ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಹಬ್ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಆ ಕೆಲಸದ ಹೆಸರಾದ ‘ರಿಪ್ಯಾಕ್’ ಎಂಬುದೇ ದಾರಿಯ ಹೆಸರೂ ಆಯಿತು.

ಇಂದು ಒಳ್ಳೆಯ ಮೌಂಟನ್ ಬೈಕ್ ಕೊಳ್ಳಲು ಅಂಗಡಿಗೆ ಹೋದವರ ಮುಂದೆ ಕ್ರಾಸ್-ಕಂಟ್ರಿ, ಟ್ರೇಲ್, ಎಂಡ್ಯೂರೊ ಎಂಬ ಮೂರು ಹೆಸರುಗಳು ಬಂದು ನಿಲ್ಲುತ್ತವೆ. ಹಿಂದೆಯೇ ಫೋರ್ಕಿನ ಮಿಲಿಮೀಟರು, ಅದರ ಓರೆಯ ಕೋನ, ಚಕ್ರದ ಅಳತೆಗಳ ಪಟ್ಟಿ. ಪಟ್ಟಿ ಓದಿ ಕಂಗಾಲಾಗುವವರೇ ಹೆಚ್ಚು. ಆದರೆ ಈ ಮೂರು ಕವಲುಗಳು ಒಡೆದದ್ದು ಕಂಪನಿಗಳ ಕಚೇರಿಯಲ್ಲಲ್ಲ, ಬೆಟ್ಟದಲ್ಲಿ. ಇಳಿಯುವ ಖುಷಿ ಎಲ್ಲರಿಗೂ ಒಂದೇ. ಹತ್ತುವ ಕಷ್ಟವನ್ನು ಯಾರು ಹೊರಬೇಕು, ಅದನ್ನು ಗಡಿಯಾರ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎನ್ನುವುದರಲ್ಲೇ ದಾರಿಗಳು ಬೇರೆಯಾದವು.

ಮೊದಲಿಗೆ ಇದ್ದದ್ದು ಒಂದೇ ಸೈಕಲ್ಲು, ಅದೂ ಹಳೆಯದು. ಅಮೆರಿಕದ ಶ್ವಿನ್ ಕಂಪನಿ 1933ರಲ್ಲಿ ದಪ್ಪ ಬಲೂನ್ ಟೈರಿನ ಸೈಕಲ್ಲುಗಳನ್ನು ಮಾರುಕಟ್ಟೆಗೆ ತಂದಿತ್ತು. ಪೇಪರ್ ಹಾಕುವ ಹುಡುಗರು ತುಳಿದು ಬಿಟ್ಟ ಆ ಗಾಡಿಗಳು ನಾಲ್ಕು ದಶಕಗಳ ನಂತರ ಹಳೆಯ ಶೆಡ್ಡುಗಳಲ್ಲಿ, ಗುಜರಿಯಲ್ಲಿ ಬಿದ್ದಿದ್ದವು. 784 ಮೀಟರ್ ಎತ್ತರದ ಟಮಾಲ್ಪಾಯಿಸ್ ಬೆಟ್ಟದ ಸುತ್ತಲಿನ ಯುವಕರು ಅವನ್ನು ಅಗ್ಗಕ್ಕೆ ತಂದು, ಮಡ್‌ಗಾರ್ಡು, ಚೈನ್ ಕವರು ಕಿತ್ತೆಸೆದು ಗುಡ್ಡಕ್ಕೆ ಒಯ್ದರು. ಒಂದೊಂದೂ ಇಪ್ಪತ್ತು ಕೆ.ಜಿ. ಆಸುಪಾಸು ತೂಗುತ್ತಿತ್ತು, ಗೇರು ಇಲ್ಲ. ತುಳಿದು ಹತ್ತುವ ಮಾತೇ ಇರಲಿಲ್ಲ. ಯಾರದಾದರೂ ಟ್ರಕ್ಕಿಗೆ ಏರಿಸಬೇಕು, ಇಲ್ಲವೇ ಏದುಸಿರು ಬಿಡುತ್ತ ತಳ್ಳಬೇಕು.

1976ರ ಅಕ್ಟೋಬರ್ 21ರಂದು ರಿಪ್ಯಾಕಿನಲ್ಲಿ ಮೊದಲ ಸ್ಪರ್ಧೆ ನಡೆಯಿತು. ಗೆದ್ದವರು ಅಲನ್ ಬಾಂಡ್ಸ್. ಸವಾರರನ್ನು ಒಬ್ಬೊಬ್ಬರನ್ನಾಗಿ ಬಿಡುವುದು, ಕೆಳಗೆ ಸಮಯ ಹಿಡಿಯುವುದು, ಇಷ್ಟೇ ನಿಯಮ. ಲೆಕ್ಕವೆಲ್ಲ ಚಾರ್ಲಿ ಕೆಲ್ಲಿಯವರ ನೋಟ್‌ಪುಸ್ತಕದಲ್ಲಿ. ಗ್ಯಾರಿ ಫಿಶರ್ ಅವರ 4 ನಿಮಿಷ 22 ಸೆಕೆಂಡು ದಾಖಲೆಯಾಗಿ ಉಳಿಯಿತು. ಜೋ ಬ್ರೀಜ್ ಅವರದು ಎರಡೇ ಸೆಕೆಂಡು ಹೆಚ್ಚು. ಈ ಗುಂಪಿನ ದಿನಗಳನ್ನು ಕ್ಯಾಮೆರಾದಲ್ಲಿ ಹಿಡಿದಿಟ್ಟ ವೆಂಡಿ ಕ್ರ್ಯಾಗ್ ತಾವೂ ಆ ದಾರಿ ಇಳಿದವರು. ಮಹಿಳೆಯರ ದಾಖಲೆ ಅವರ ಹೆಸರಿನಲ್ಲಿದೆ. ಗಂಟೆಗೆ ಸುಮಾರು 46 ಕಿಲೋಮೀಟರ್ ಸರಾಸರಿ ವೇಗದಲ್ಲಿ, ಜಲ್ಲಿ ಮತ್ತು ಕೊರಕಲಿನ ಮೇಲೆ, ಮೂವತ್ತು ವರ್ಷ ಹಳೆಯ ಚೌಕಟ್ಟಿನಲ್ಲಿ ಬರುವುದೆಂದರೆ ಹುಡುಗಾಟವಲ್ಲ. ಚೌಕಟ್ಟುಗಳು ಬಿರಿಯುತ್ತಿದ್ದವು, ಫೋರ್ಕು ಬಾಗುತ್ತಿದ್ದವು.

ಇಳಿಯುವುದರ ಕತೆ ಇದಾದರೆ, ಹತ್ತುವುದರ ಕತೆ ಬೇರೆ ಕಡೆಯಿಂದ ಬಂತು. 1974ರ ಡಿಸೆಂಬರಿನಲ್ಲಿ ಮಿಲ್ ವ್ಯಾಲಿಯ ಸೈಕ್ಲೊಕ್ರಾಸ್ ಸ್ಪರ್ಧೆಗೆ ಕುಪರ್ಟಿನೊ ಊರಿನ ಮಾರೊ ಡರ್ಟ್ ಕ್ಲಬ್ಬಿನ ಕೆಲವರು ಬಂದರು. ಅವರ ದಪ್ಪ ಟೈರಿನ ಸೈಕಲ್ಲುಗಳಿಗೆ ಗೇರು ಕೂರಿಸಲಾಗಿತ್ತು. ಅವರು ಬಂದರು, ಓಡಿಸಿದರು, ಹೋದರು. ಮರಿನ್‌ನವರ ಕಣ್ಣಿಗೆ ಮಾತ್ರ ಆ ನೋಟ ಅಂಟಿಕೊಂಡಿತು. ಸ್ವಲ್ಪ ದಿನದಲ್ಲೇ ಗ್ಯಾರಿ ಫಿಶರ್ ತಮ್ಮ ಹಳೆಯ ಶ್ವಿನ್ ಸೈಕಲ್ಲಿಗೆ ಗೇರು, ಡ್ರಮ್ ಬ್ರೇಕು, ಮೋಟಾರ್‌ಸೈಕಲ್ಲಿನ ಬ್ರೇಕ್ ಲಿವರು ಎಲ್ಲವನ್ನೂ ಜೋಡಿಸಿದರು. ಮೌಂಟನ್ ಬೈಕನ್ನು ಕಂಡುಹಿಡಿದವರು ಯಾರು ಎಂಬ ಜಗಳ ಇನ್ನೂ ನಿಂತಿಲ್ಲ. ಕುಪರ್ಟಿನೊದ ಆ ಹುಡುಗರನ್ನು ನೆನೆದರೆ, ಯಾರೊಬ್ಬರ ಕೊರಳಿಗೂ ಆ ಹಾರ ಹಾಕಲಾಗದು ಎಂಬುದು ಸ್ಪಷ್ಟ.

1978ರಲ್ಲಿ ಫಿಶರ್, ಬ್ರೀಜ್, ಕೆಲ್ಲಿ, ಕ್ರ್ಯಾಗ್ ಎಲ್ಲ ಕೊಲರಾಡೊಗೆ ಹೋದರು. ಅಲ್ಲಿನ ಕ್ರೆಸ್ಟೆಡ್ ಬ್ಯೂಟ್ ಎಂಬ ಗಣಿ ಊರಿನವರು ಎರಡು ವರ್ಷ ಮೊದಲೇ, 12,700 ಅಡಿ ಎತ್ತರದ ಪರ್ಲ್ ಪಾಸ್ ಘಟ್ಟವನ್ನು ಸೈಕಲ್ಲಿನಲ್ಲಿ ದಾಟಿ ಆಸ್ಪೆನ್ ತಲುಪಿದ್ದರು. ಅವರದು ಗೇರಿಲ್ಲದ ಗಾಡಿ, ಇವರದು ಗೇರಿನದು. ಬ್ರೀಜ್ ತಂದದ್ದಂತೂ ಗುಜರಿಯದಲ್ಲ: 1977ರಲ್ಲಿ ಅವರು ಗುಡ್ಡಕ್ಕೆಂದೇ ಹೊಸದಾಗಿ ಕಟ್ಟಲು ತೊಡಗಿದ ‘ಬ್ರೀಜರ್’. ಮೊದಲ ಸರಣಿಯಲ್ಲಿ ಹತ್ತು ಮಾಡಿದರು. ಅದರಲ್ಲಿ ಒಂದನೆಯದು ಈಗ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಫಿಶರ್ ಅವರಿಗೆ ಟಾಮ್ ರಿಚಿ ಎಂಬ ಸೈಕಲ್ ಕುಶಲಕರ್ಮಿ ಚೌಕಟ್ಟು ಕಟ್ಟಿಕೊಟ್ಟರು. 1979ರಲ್ಲಿ ಫಿಶರ್ ಮತ್ತು ಕೆಲ್ಲಿ ಅಂಥ ಸೈಕಲ್ಲುಗಳನ್ನು ಮಾರುವ ಅಂಗಡಿ ಹಾಕಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ ಸ್ಟಂಪ್‌ಜಂಪರ್ ಬಂದ ಮೇಲೆ ಈ ಸೈಕಲ್ಲು ಗೆಳೆಯರ ಗುಂಪು ದಾಟಿ ಜಗತ್ತಿಗೆ ಹೋಯಿತು.

ಕವಲು ಒಡೆದದ್ದು ಸ್ಪರ್ಧೆಯಿಂದ. 1990ರಲ್ಲಿ ಕೊಲರಾಡೊದ ಡ್ಯುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಎರಡು ಬೇರೆ ಪದಕಗಳಿದ್ದವು. ಕ್ರಾಸ್-ಕಂಟ್ರಿಯಲ್ಲಿ ಏರು, ಇಳಿತ ಎರಡಕ್ಕೂ ಗಡಿಯಾರ ಓಡುತ್ತದೆ. ಗೆದ್ದವರು ನೆಡ್ ಓವರೆಂಡ್ ಮತ್ತು ಜೂಲಿ ಫರ್ಟಾಡೊ. ಡೌನ್‌ಹಿಲ್‌ನಲ್ಲಿ, ರಿಪ್ಯಾಕಿನಂತೆಯೇ, ಇಳಿತಕ್ಕೆ ಮಾತ್ರ; ಗೆದ್ದವರು ಗ್ರೆಗ್ ಹರ್ಬೋಲ್ಡ್ ಮತ್ತು ಸಿಂಡಿ ಡಿವೈನ್. ಹರ್ಬೋಲ್ಡ್ ಸೈಕಲ್ಲಿನ ಮುಂದೆ ಪಾಲ್ ಟರ್ನರ್ ಸ್ಥಾಪಿಸಿದ ರಾಕ್‌ಶಾಕ್ಸ್ ಕಂಪನಿಯ ಸಸ್ಪೆನ್ಷನ್ ಫೋರ್ಕಿತ್ತು. ಅದು ಕುಗ್ಗುತ್ತಿದ್ದದ್ದು ಐದು ಸೆಂಟಿಮೀಟರಿನಷ್ಟು. ಆ ಐದು ಸೆಂಟಿಮೀಟರು ಮುಂದಿನ ಮೂವತ್ತು ವರ್ಷಗಳ ಚರ್ಚೆಯನ್ನೆಲ್ಲ ಹುಟ್ಟುಹಾಕಿತು.

ಚರ್ಚೆಯ ಹುರುಳು ಇಷ್ಟು. ಫೋರ್ಕು ಹೆಚ್ಚು ಕುಗ್ಗುವಂತಿದ್ದರೆ ದೊಡ್ಡ ಬಂಡೆಯ ಪೆಟ್ಟೂ ತೋಳಿಗೆ ತಟ್ಟುವುದಿಲ್ಲ. ಆದರೆ ತೂಕ ಏರುತ್ತದೆ, ತುಳಿದ ಶಕ್ತಿ ಸ್ಪ್ರಿಂಗಿನಲ್ಲಿ ಸೋರುತ್ತದೆ. ಫೋರ್ಕನ್ನು ಮುಂದಕ್ಕೆ ಚಾಚಿದಂತೆ ಓರೆ ಮಾಡಿದರೆ ಮುಂದಿನ ಚಕ್ರ ಸವಾರನಿಂದ ದೂರ ಸರಿದು, ಕಡಿದಾದ ಇಳಿಜಾರಿನಲ್ಲಿ ಮುಗ್ಗರಿಸುವ ಭಯ ತಗ್ಗುತ್ತದೆ. ಅದೇ ಚಕ್ರ ನಿಧಾನದ ಏರಿನಲ್ಲಿ ಅತ್ತಿತ್ತ ಅಲೆಯುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಕ್ರಾಸ್-ಕಂಟ್ರಿ ಸೇರಿದ ಮೇಲೆ ಒಂದು ಬಣ ಹಗುರತನದ ಹಿಂದೆ ಬಿತ್ತು. ಡೌನ್‌ಹಿಲ್ ಬಣ ತೂಕದ ಚಿಂತೆ ಬಿಟ್ಟು ಕೇಬಲ್ ಕಾರು, ಜೀಪು ಹತ್ತಿತು. ನಡುವೆ ಉಳಿದವರು ಪದಕದ ಆಸೆಯಿಲ್ಲದ, ಭಾನುವಾರ ಗೆಳೆಯರ ಜೊತೆ ಗುಡ್ಡ ಹತ್ತಿ ಇಳಿಯುವ ಬಹುಸಂಖ್ಯಾತರು. ಅವರಿಗೆ ಗಡಿಯಾರವೇ ಇಲ್ಲ. ಟ್ರೇಲ್ ಬೈಕ್ ಹುಟ್ಟಿದ್ದು ಅವರಿಗಾಗಿ.

ಎಂಡ್ಯೂರೊ ಬಂದದ್ದು ಯೂರೋಪಿನ ಬೆಟ್ಟಗಳಿಂದ. ಫ್ರಾನ್ಸಿನ ಆಲ್ಪ್ ದ್ಯುಯೆಜ್‌ನಲ್ಲಿ 3,300 ಮೀಟರ್ ಎತ್ತರದ ಹಿಮನದಿಯಿಂದ ನೂರಾರು ಜನ ಒಟ್ಟಿಗೆ ಧುಮುಕುವ ಮೆಗಾವಲಾಂಶ್ 1995ರಿಂದ ನಡೆಯುತ್ತಿತ್ತು. 2003ರಲ್ಲಿ ಅದೇ ದೇಶದ ವಾಲ್ ದಾಲೋಸ್‌ನಲ್ಲಿ ಫ್ರೆಡ್ ಗ್ಲೊ ಇನ್ನೊಂದು ಬಗೆಯ ಪಂದ್ಯ ಏರ್ಪಡಿಸಿದರು: ಹಲವು ಇಳಿಜಾರುಗಳು, ಪ್ರತಿಯೊಂದಕ್ಕೂ ಪ್ರತ್ಯೇಕ ಸಮಯ, ಎಲ್ಲದರ ಮೊತ್ತದಿಂದ ಗೆಲುವು. ಇಟಲಿಯವರೂ ಈ ಮಾದರಿಯನ್ನು ಬೆಳೆಸಿದರು. 2013ರ ಮೇ ತಿಂಗಳಲ್ಲಿ ಇಟಲಿಯ ಪುಂಟಾ ಆಲಾದಲ್ಲಿ ಎಂಡ್ಯೂರೊ ವರ್ಲ್ಡ್ ಸೀರೀಸ್ ಶುರುವಾಯಿತು. ಮೊದಲ ವರ್ಷದ ಒಟ್ಟು ಪ್ರಶಸ್ತಿ ಫ್ರಾನ್ಸಿನ ಜೆರೋಮ್ ಕ್ಲೆಮೆಂಟ್ಸ್ ಮತ್ತು ಬ್ರಿಟನ್ನಿನ ಟ್ರೇಸಿ ಮೋಸ್ಲಿ ಅವರದಾಯಿತು. ಇಲ್ಲಿ ಇಳಿತಕ್ಕೆ ಮಾತ್ರ ಗಡಿಯಾರ, ಆದರೆ ಬಹುಪಾಲು ಏರನ್ನು ಸವಾರ ತನ್ನ ಕಾಲಿನಲ್ಲೇ ತುಳಿಯಬೇಕು. ಒಂದೇ ದಿನ ಸಾವಿರ ಮೀಟರಿಗೂ ಹೆಚ್ಚು ಹತ್ತುವುದು ಮಾಮೂಲು. ಹೀಗಾಗಿ ಈ ಸೈಕಲ್ಲು ಡೌನ್‌ಹಿಲ್ ಗಾಡಿಯಷ್ಟು ಗಟ್ಟಿಯಾಗಬೇಕಿತ್ತು, ಹತ್ತಲೂ ಬರಬೇಕಿತ್ತು. ಅದನ್ನು ಸಾಧ್ಯವಾಗಿಸಿದ್ದು ಹ್ಯಾಂಡಲಿನ ಗುಂಡಿ ಒತ್ತಿದರೆ ಸೀಟು ಕೆಳಗಿಳಿಯುವ ಡ್ರಾಪರ್ ಪೋಸ್ಟ್. ಅದರ ಹಿರಿಯನೂ ಮರಿನ್‌ನದೇ: 1980ರ ದಶಕದಲ್ಲಿ ಜೋ ಬ್ರೀಜ್ ಮತ್ತು ಜಾಶ್ ಏಂಜೆಲ್ ಮಾಡಿದ್ದ ‘ಹೈಟ್ ರೈಟ್’ ಎಂಬ ಸಣ್ಣ ಸ್ಪ್ರಿಂಗ್.

ಈ ಇತಿಹಾಸವನ್ನು ಕೈಯಲ್ಲಿ ಹಿಡಿದು ಅಂಗಡಿಯ ಪಟ್ಟಿ ನೋಡಿದರೆ ಅಂಕಿಗಳು ಮಾತಾಡತೊಡಗುತ್ತವೆ. ಕ್ರಾಸ್-ಕಂಟ್ರಿಯಲ್ಲಿ ಸಸ್ಪೆನ್ಷನ್ 100ರಿಂದ 120 ಮಿಲಿಮೀಟರ್. ಟ್ರೇಲ್‌ನಲ್ಲಿ 120ರಿಂದ 150. ಎಂಡ್ಯೂರೊದಲ್ಲಿ 150ರಿಂದ 180. ತೂಕವೂ ಅದೇ ಕ್ರಮದಲ್ಲಿ ಸುಮಾರು 11, 14, 16 ಕೆ.ಜಿ. ಹೆಚ್ಚು ಅಂಕಿಯೇ ಹೆಚ್ಚು ಒಳ್ಳೆಯದು ಎಂಬ ನಂಬಿಕೆಯಿಂದ ಎಂಡ್ಯೂರೊ ಕೊಂಡವರು ಸಪಾಟು ದಾರಿಯಲ್ಲಿ ವರ್ಷವಿಡೀ ವ್ಯರ್ಥ ಭಾರ ತುಳಿಯುತ್ತಾರೆ. ಬೆಂಗಳೂರಿನ ತುರಹಳ್ಳಿ ಕಾಡಿನ ಏರಿಳಿತಗಳು ಚಿಕ್ಕವು, ಬೇಗ ಬೇಗ ಬರುವಂಥವು. ಅಲ್ಲಿ ಆಲ್ಪ್ಸ್ ಇಳಿಯಲೆಂದು ಮಾಡಿದ ಸೈಕಲ್ಲಿಗೆ ಕೆಲಸವಿಲ್ಲ. 2021ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್‌ಗೆ ನೆಲ ಒದಗಿಸಿದ ಗದಗದಂಥ ಕಡೆ, ಹತ್ತಲೂ ಇಳಿಯಲೂ ಬೇಕಾದವರಿಗೆ ಹಗುರ ಟ್ರೇಲ್ ಬೈಕ್ ಸಾಕು. ಎಂಡ್ಯೂರೊಗೆ ಬೇಕಾದದ್ದು ಉದ್ದನೆಯ, ಕಡಿದಾದ, ಬಂಡೆ ತುಂಬಿದ ಇಳಿಜಾರು. ಹಿಮಾಲಯದ ತಪ್ಪಲಿನಲ್ಲಿರುವವರು ಅದನ್ನು ಕೊಳ್ಳುವುದು ನ್ಯಾಯ.

ಗೆರೆಗಳು ಮಾತ್ರ ಸರಿಯುತ್ತಲೇ ಇವೆ. ಟೋಕಿಯೊ ಒಲಿಂಪಿಕ್ಸ್‌ನ ಕ್ರಾಸ್-ಕಂಟ್ರಿ ಪಂದ್ಯ 2021ರ ಜುಲೈನಲ್ಲಿ ಇಜು ಬೆಟ್ಟಗಳಲ್ಲಿ ನಡೆದಾಗ, ಮೊದಲ ಸುತ್ತಿನಲ್ಲೇ ಮ್ಯಾಥ್ಯೂ ವಾನ್ ಡೆರ್ ಪೂಲ್ ಬಂಡೆಯೊಂದರಿಂದ ಕೆಳಗೆ ಜಿಗಿಯುವ ಜಾಗದಲ್ಲಿ ಬಿದ್ದರು. ಚಿನ್ನ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಪಾಲಾಯಿತು. ಅಟ್ಲಾಂಟಾದ ಕಾಲದಲ್ಲಿ ಅಂಥ ಬಂಡೆಗಳು ಕ್ರಾಸ್-ಕಂಟ್ರಿ ದಾರಿಯಲ್ಲಿ ಇರುತ್ತಿರಲಿಲ್ಲ. ದಾರಿ ಕಠಿಣವಾದಂತೆ ಸೈಕಲ್ಲೂ ಬದಲಾಗಿದೆ: ಇಂದಿನ ಕ್ರಾಸ್-ಕಂಟ್ರಿ ಸ್ಪರ್ಧಿಗಳು 120 ಮಿಲಿಮೀಟರ್ ಫೋರ್ಕು, ಡ್ರಾಪರ್ ಪೋಸ್ಟ್ ಎರಡನ್ನೂ ಹಾಕಿಕೊಂಡು ಸಾಲಿಗೆ ಬರುತ್ತಾರೆ. ಹದಿನೈದು ವರ್ಷಗಳ ಹಿಂದೆ ಅದೇ ಜೋಡಣೆಯ ಸೈಕಲ್ಲನ್ನು ಟ್ರೇಲ್ ಬೈಕ್ ಎಂದೇ ಮಾರುತ್ತಿದ್ದರು.