ಗೂಢಲೇಖ್ಯವೂ ಪ್ರಕಟಶಾಸ್ತ್ರವೂ

ಒಬ್ಬರು ಮತ್ತೊಬ್ಬರಿಗೆ ಬರೆದ ಓಲೆಯನ್ನು ಮೂರನೆಯವರು ಓದಬಾರದೆಂಬ ಇಚ್ಛೆಯು ಬರವಣಿಗೆಯೊಡನೆಯೇ ಹುಟ್ಟಿದುದೆನ್ನಬಹುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚಾರರ ವ್ಯವಹಾರವನ್ನು ಹೇಳುವೆಡೆ ಗೂಢಲೇಖ್ಯದ ಮಾತು ಬರುತ್ತದೆ. ವಾತ್ಸ್ಯಾಯನನು ಎಣಿಸಿದ ಅರುವತ್ತನಾಲ್ಕು ಕಲೆಗಳಲ್ಲಿ ಮ್ಲೇಚ್ಛಿತವಿಕಲ್ಪವೆಂಬುದೂ ಒಂದು. ಅಕ್ಷರಗಳನ್ನು ಪಲ್ಲಟಗೊಳಿಸಿ ಅರ್ಥವನ್ನು ಮರೆಸುವ ವಿದ್ಯೆಯೇ ಇದೆಂದು ವ್ಯಾಖ್ಯಾನಕಾರರು ವಿವರಿಸಿರುವರು. ಪಲ್ಲಟದ ಕ್ರಮವನ್ನು ಬಲ್ಲವನು ಇಂತಹ ಓಲೆಯನ್ನು ಓದಿಬಿಡುವನು. ಆದುದರಿಂದ ಕ್ರಮವನ್ನೇ ಮುಚ್ಚಿಡತಕ್ಕದ್ದೆಂಬ ನಂಬಿಕೆಯು ಬಹುಕಾಲ ಬಲವಾಗಿ ನಿಂತಿತು. ಈ ನಂಬಿಕೆಯು ತಲೆಕೆಳಗಾದ ಬಗೆಯನ್ನು ತಿಳಿದಲ್ಲದೆ, ಇಂದು ಮನೆಮನೆಯ ಗಣಕಯಂತ್ರದಲ್ಲಿಯೂ ಫೋನಿನಲ್ಲಿಯೂ ಇರುವ ತಂತ್ರಾಂಶಗಳಲ್ಲಿ ಯಾವುದು ವಿಶ್ವಾಸಾರ್ಹವೆಂಬುದನ್ನು ನಿರ್ಣಯಿಸಲಾಗದು.

1883ರಲ್ಲಿ ಆಗಸ್ಟ್ ಕೆರ್ಕಾಫ್ಸ್ ಎಂಬ ಭಾಷಾಧ್ಯಾಪಕನು ಫ್ರಾನ್ಸಿನ ಸೈನಿಕ ಪತ್ರಿಕೆಯೊಂದರಲ್ಲಿ ಗೂಢಲೇಖನವನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದನು. ಒಳ್ಳೆಯ ಗೂಢಲೇಖನಕ್ಕೆ ಇರತಕ್ಕ ಆರು ಲಕ್ಷಣಗಳನ್ನು ಆತನು ಅದರಲ್ಲಿ ಎಣಿಸಿದ್ದಾನೆ. ಅವುಗಳಲ್ಲೊಂದು ಇದು: ವಿಧಾನವು ಶತ್ರುವಿನ ಕೈಗೆ ಸಿಕ್ಕಿದರೂ ಹಾನಿಯಾಗಬಾರದು, ರಹಸ್ಯವೆಲ್ಲವೂ ಕೀಲಿಕೈಯಲ್ಲಿರಬೇಕು. ಬೀಗದ ರಚನೆಯನ್ನು ಊರಿನ ಕಮ್ಮಾರರೆಲ್ಲರೂ ಬಲ್ಲರು; ಆದರೂ ತನ್ನ ಕೀಲಿಕೈಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡ ಗೃಹಿಣಿಯು ನಿಶ್ಚಿಂತೆಯಿಂದಿರುವಳಷ್ಟೆ. ವಿಧಾನವು ಪ್ರಕಟವಾದರೆ ವಿದ್ವಾಂಸರು ಪರೀಕ್ಷಿಸಿ ದೋಷವನ್ನು ತೋರಿಸಬಲ್ಲರು. ಮುಚ್ಚಿಟ್ಟ ವಿಧಾನದ ದೋಷವನ್ನು ಮೊದಲು ಕಂಡುಕೊಳ್ಳುವವನು ಕಳ್ಳನೇ ಆಗಿರಬಹುದು.

ಗಣಕಯಂತ್ರಗಳು ಬಂದಮೇಲೆ ಈ ತತ್ತ್ವಕ್ಕೆ ಹೊಸ ವಿಷಯವೊಂದು ಸೇರಿತು. ತಂತ್ರಾಂಶವನ್ನು ಮನುಷ್ಯರು ಓದಬಲ್ಲ ಮೂಲಪಾಠವಾಗಿ ಮೊದಲು ಬರೆಯುವರು. ಅನಂತರ ಅದು ಯಂತ್ರಕ್ಕೆ ಮಾತ್ರ ತಿಳಿಯುವ ಅಂಕಗಳಾಗಿ ಮಾರ್ಪಡುವುದು. ವ್ಯಾಪಾರವು ಬೆಳೆದಂತೆ ತಯಾರಕರು ಅಂಕಗಳನ್ನು ಮಾತ್ರ ಮಾರಿ ಮೂಲಪಾಠವನ್ನು ತಮ್ಮಲ್ಲಿಯೇ ಇಟ್ಟುಕೊಳ್ಳತೊಡಗಿದರು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಇದನ್ನು ಒಪ್ಪದೆ, 1983ರ ಸೆಪ್ಟೆಂಬರಿನಲ್ಲಿ, ಎಲ್ಲರೂ ಓದಿ ತಿದ್ದಿ ಹಂಚಬಹುದಾದ ತಂತ್ರಾಂಶವ್ಯೂಹವೊಂದನ್ನು ಗ್ನೂ ಎಂಬ ಹೆಸರಿನಿಂದ ರಚಿಸುವುದಾಗಿ ಸಾರಿದನು. 1989ರಲ್ಲಿ ಆತನು ಹೊರಡಿಸಿದ ಪರವಾನಗಿಯ ಪ್ರಕಾರ, ಪಾಠವನ್ನು ತಿದ್ದಿ ಇತರರಿಗೆ ಕೊಡುವವನು ತನಗೆ ದೊರೆತ ಸ್ವಾತಂತ್ರ್ಯವನ್ನು ಅವರಿಗೂ ಕೊಡಬೇಕು. ವಿದ್ಯಾದಾನದ ಧರ್ಮವು ಹೀಗೆ ಕಾನೂನಿನ ಭಾಷೆಯನ್ನು ಪಡೆಯಿತು.

ಇತ್ತ ಗೂಢಲೇಖನದಲ್ಲಿಯೂ ಮಹತ್ತಾದ ಶೋಧವೊಂದು ಆಗಿದ್ದಿತು. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬವರು ಒಬ್ಬೊಬ್ಬನಿಗೂ ಎರಡು ಕೀಲಿಕೈಗಳಿರುವ ಕ್ರಮವನ್ನು ಪ್ರಕಟಿಸಿದರು. ಮುಚ್ಚುವ ಕೀಲಿಕೈಯನ್ನು ಲೋಕಕ್ಕೆಲ್ಲ ಹಂಚಬಹುದು. ತೆರೆಯುವ ಕೀಲಿಕೈಯು ಒಡೆಯನಲ್ಲಿ ಮಾತ್ರ ಇರುವುದು. ಈ ವಿದ್ಯೆಯನ್ನು ಸಾಮಾನ್ಯರ ಕೈಗೆಟುಕಿಸಿದವನು ಫಿಲ್ ಜಿಮ್ಮರ್‌ಮನ್. ಈತನು 1991ರಲ್ಲಿ ಪಿಜಿಪಿ ಎಂಬ ತಂತ್ರಾಂಶವನ್ನು ಮೂಲಪಾಠದೊಡನೆ ಉಚಿತವಾಗಿ ಹಂಚಿದನು. ಬಲವಾದ ಗೂಢಲೇಖನವನ್ನು ಅಮೆರಿಕದ ಕಾನೂನು ಅಂದು ಯುದ್ಧಸಾಮಗ್ರಿಗಳ ಪಟ್ಟಿಯಲ್ಲಿ ಸೇರಿಸಿದ್ದಿತು. ಅದು ಪರದೇಶಗಳಿಗೆ ಹೋಯಿತೆಂಬ ಕಾರಣದಿಂದ 1993ರಲ್ಲಿ ಆತನ ಮೇಲೆ ವಿಚಾರಣೆ ಆರಂಭವಾಯಿತು. ಆರೋಪಪಟ್ಟಿಯಿಲ್ಲದೆಯೇ 1996ರ ಜನವರಿಯಲ್ಲಿ ಮುಗಿಯಿತು.

ಈ ನಡುವೆ ಸಂಭವಿಸಿದ ಸಂಗತಿಯು ಗ್ರಂಥಪ್ರಿಯರಿಗೆ ವಿಶೇಷ ಸ್ವಾರಸ್ಯವನ್ನುಂಟುಮಾಡತಕ್ಕದ್ದು. ತಂತ್ರಾಂಶವನ್ನು ಹೊರದೇಶಕ್ಕೆ ಕಳುಹಿಸುವುದು ನಿಷಿದ್ಧವಾಗಿದ್ದರೂ ಅಚ್ಚಾದ ಪುಸ್ತಕಕ್ಕೆ ತಡೆಯಿರಲಿಲ್ಲ. 1995ರಲ್ಲಿ ಎಂಐಟಿ ಮುದ್ರಣಾಲಯವು ಪಿಜಿಪಿಯ ಮೂಲಪಾಠವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿತು. 1997ರಲ್ಲಿ ಮುಂದಿನ ಆವೃತ್ತಿಯ ಸಾವಿರಾರು ಮುದ್ರಿತ ಪುಟಗಳು ಕಡಲನ್ನು ದಾಟಿ ಯೂರೋಪನ್ನು ಸೇರಿದವು. ಅಲ್ಲಿ ಸ್ವಯಂಸೇವಕರು ಅವನ್ನು ಯಂತ್ರದಿಂದ ಓದಿಸಿ, ತಪ್ಪುಗಳನ್ನು ತಿದ್ದಿ, ಮತ್ತೆ ತಂತ್ರಾಂಶವಾಗಿ ಜೋಡಿಸಿದರು. ಅಮೆರಿಕದ ಸರ್ಕಾರವು 2000ದಲ್ಲಿ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿತು.

ಅದೇ 1997ರಲ್ಲಿ ಜರ್ಮನಿಗೆ ಬಂದಿದ್ದ ಸ್ಟಾಲ್‌ಮನ್, ಅಮೆರಿಕದ ನಿಷೇಧಕ್ಕೊಳಪಡದ ತಂತ್ರಾಂಶವನ್ನು ಯೂರೋಪಿನವರೇ ಬರೆಯಬೇಕೆಂದು ಭಾಷಣದಲ್ಲಿ ಪ್ರೇರಿಸಿದನು. ಅದನ್ನು ಕೇಳಿದ ವೆರ್ನರ್ ಕೋಖ್ ಕೆಲಸಕ್ಕೆ ತೊಡಗಿ, 1999ರಲ್ಲಿ ಗ್ನೂಪಿಜಿಯ ಮೊದಲನೆಯ ಪೂರ್ಣ ಆವೃತ್ತಿಯನ್ನು ಹೊರತಂದನು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಗುಪ್ತಚರ ಸಂಸ್ಥೆಯ ವಿಸ್ತಾರವಾದ ನಿಗಾವಣೆಯನ್ನು ಬಯಲುಮಾಡುವ ಮುನ್ನ ಪತ್ರಕರ್ತರೊಡನೆ ವ್ಯವಹರಿಸಿದುದು ಈ ಬಗೆಯ ಗೂಢಲೇಖನದಿಂದಲೇ. ಆದರೆ ಆತನು ಮೊದಲು ಸಂಪರ್ಕಿಸಲೆಳಸಿದ ಗ್ಲೆನ್ ಗ್ರೀನ್‌ವಾಲ್ಡ್ ಎಂಬ ಪತ್ರಕರ್ತನು ಈ ತಂತ್ರಾಂಶದ ತೊಡಕಿಗೆ ಬೇಸತ್ತು ಅದನ್ನು ಬಹುದಿನ ಅಳವಡಿಸಿಕೊಳ್ಳಲೇ ಇಲ್ಲ. ಸಾಮಾನ್ಯರಿಗೆ ಬಳಸಲಾಗದ ಬೀಗವು ಎಷ್ಟು ಗಟ್ಟಿಯಾಗಿದ್ದರೇನು? 2014ರಿಂದ ಪ್ರಚಾರಕ್ಕೆ ಬಂದ ಸಿಗ್ನಲ್ ಈ ಕ್ಲೇಶವನ್ನು ನೀಗಿಸಿತು. ಕೀಲಿಕೈಗಳ ವ್ಯವಹಾರವೆಲ್ಲ ಅದರಲ್ಲಿ ತೆರೆಮರೆಯಲ್ಲಿಯೇ ನಡೆಯುವುದು. ಸಂದೇಶವನ್ನು ಮರೆಸುವ ಅದರ ವಿಧಾನವನ್ನು 2016ರಲ್ಲಿ ವಾಟ್ಸ್‌ಆಪ್ ಕೂಡ ಪೂರ್ಣವಾಗಿ ಸ್ವೀಕರಿಸಿತು. ಆದರೆ ಸಿಗ್ನಲಿನ ಮೂಲಪಾಠವು ಪ್ರಕಟವಾಗಿದೆ, ವಾಟ್ಸ್‌ಆಪಿನದು ಪ್ರಕಟವಾಗಿಲ್ಲ.

ಮೂಲಪಾಠವು ತೆರೆದಿದ್ದಮಾತ್ರಕ್ಕೆ ಎಲ್ಲವೂ ನಿರ್ದೋಷವಾಗುವುದೇ ಎಂಬ ಆಕ್ಷೇಪವು ನ್ಯಾಯವಾದುದೇ. ಅಂತರ್ಜಾಲದ ಅಸಂಖ್ಯ ತಾಣಗಳು ನೆಚ್ಚಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ 2012ರಲ್ಲಿ ಹೊಕ್ಕ ತಪ್ಪೊಂದು 2014ರ ಏಪ್ರಿಲಿನವರೆಗೆ ಬಯಲಾಗಲಿಲ್ಲ. ಹಾರ್ಟ್‌ಬ್ಲೀಡ್ ಎಂದು ಅದಕ್ಕೆ ಹೆಸರಾಯಿತು. ಪಾಠವು ಎಲ್ಲರ ಕಣ್ಣೆದುರಿಗಿದ್ದರೂ ಓದುವವರು ವಿರಳರಾಗಿದ್ದರು. ಕೋಖನ ಸ್ಥಿತಿಯೂ ಇಂತಹುದೇ. ಲೋಕವು ಬಳಸುತ್ತಿದ್ದ ತಂತ್ರಾಂಶವನ್ನು ಆತನು ವರ್ಷಗಟ್ಟಲೆ ಬಹುಪಾಲು ಒಬ್ಬನೇ, ಹಣದ ಅಡಚಣೆಯಲ್ಲಿ, ಕಾಪಾಡಿಕೊಂಡು ಬಂದನು. 2015ರ ಫೆಬ್ರವರಿಯಲ್ಲಿ ಈ ಸುದ್ದಿಯು ಪ್ರಕಟವಾದಮೇಲೆಯೇ ದೇಣಿಗೆಗಳು ಒದಗಿದವು. ಲಿನಕ್ಸ್ ಫೌಂಡೇಷನ್ 60,000 ಡಾಲರುಗಳನ್ನು ಕೊಟ್ಟಿತು. ತೆರೆದ ಕೆರೆಯಿಂದ ಊರೆಲ್ಲ ನೀರೆತ್ತುವುದು. ಹೂಳೆತ್ತುವ ದಿನ ಬರುವವರು ಮಾತ್ರ ಕೆಲವರು.

ಭಾರತದಲ್ಲಿ ಈ ವಿಚಾರವು ದೂರದ ಮಾತಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಏಕಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಹಕ್ಕನ್ನು ನ್ಯಾಯಾಲಯವು ಘೋಷಿಸಬಲ್ಲದು. ನಿತ್ಯವ್ಯವಹಾರದಲ್ಲಿ ಅದನ್ನು ಉಳಿಸಿಕೊಳ್ಳತಕ್ಕವರು ಗೃಹಸ್ಥರೇ. ಅವರು ಯಂತ್ರವಿದ್ಯೆಯ ಪಾರಂಗತರಾಗಬೇಕಾಗಿಲ್ಲ. ಹೊಸ ತಂತ್ರಾಂಶವನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಇದರ ಪಾಠವನ್ನು ಬಲ್ಲವರು ಓದಿ ಪರೀಕ್ಷಿಸಬಹುದೇ? ಕೀಲಿಕೈಯು ಯಾರಲ್ಲಿರುವುದು? ಇದನ್ನು ಕಾಪಾಡುವವರು ಯಾರು, ಅವರ ಜೀವನೋಪಾಯವೇನು? ಕೊನೆಯ ಪ್ರಶ್ನೆಗೆ ತೃಪ್ತಿಕರವಾದ ಉತ್ತರವು ದೊರೆಯದಿದ್ದಲ್ಲಿ, ಯಥಾಶಕ್ತಿ ಅವರಿಗೆ ನೆರವಾಗುವುದೂ ಬಳಸುವವರ ಕರ್ತವ್ಯವೇ ಸರಿ.