ಹೈದರಲಿಯ ಬದುಕು ಸಾಗಿದ ದಾರಿ: ಹಳೆಯ ಮದ್ರಾಸ್ ರಸ್ತೆಯ ಕುರುಹುಗಳು

ಬೆಂಗಳೂರಿನಿಂದ ಹೊಸಕೋಟೆ, ಕೋಲಾರ, ಮುಳಬಾಗಿಲು ಹಾದು ಪೂರ್ವಕ್ಕೆ ಸಾಗುವ ರಸ್ತೆಯನ್ನು ನಮ್ಮ ಹಿರಿಯರು ಇಂದಿಗೂ ಮದ್ರಾಸ್ ರಸ್ತೆ ಎಂದೇ ಕರೆಯುತ್ತಾರೆ. ಹಿಂದೆ 4ನೇ ರಾಷ್ಟ್ರೀಯ ಹೆದ್ದಾರಿಯಾಗಿದ್ದ ಇದು ಈಗ 75ನೆಯದು. ಸಂಖ್ಯೆ ಬದಲಾದರೂ ದಾರಿ ಹಳೆಯದು. ಮುಳಬಾಗಿಲು ಎಂಬ ಹೆಸರೇ ‘ಮೂಡಲ ಬಾಗಿಲು’ ಎಂಬುದರಿಂದ ಬಂದದ್ದು. ಪೂರ್ವದ ಬಯಲುಸೀಮೆಯಿಂದ ಘಟ್ಟ ಹತ್ತಿ ಬಂದ ವರ್ತಕರು, ಸೈನಿಕರು, ಫಕೀರರು, ಯಾತ್ರಿಕರು ಈ ಬಾಗಿಲಿನಿಂದಲೇ ಒಳಬಂದರು.

ಹೈದರಲಿ ಖಾನ್‌ರ ಬದುಕಿನ ಆದಿ ಮತ್ತು ಅಂತ್ಯ ಎರಡೂ ಈ ದಾರಿಯ ಆಸುಪಾಸಿನಲ್ಲೇ ಇವೆ. ಅವರ ತಂದೆ ಫತೇ ಮುಹಮ್ಮದ್ ಸಿರಾದ ನವಾಬರ ಸೇವೆಯಲ್ಲಿದ್ದು ಕೋಲಾರದ ಫೌಜುದಾರರಾಗಿದ್ದರು. ಬೂದಿಕೋಟೆ ಅವರ ಜಹಗೀರು. 1720ರ ಆಸುಪಾಸಿನಲ್ಲಿ ಹೈದರ್ ಹುಟ್ಟಿದ್ದು ಅಲ್ಲಿಯೇ. ಹೈದರ್ ಇನ್ನೂ ಬಾಲಕನಾಗಿದ್ದಾಗ ತಂದೆ ಯುದ್ಧದಲ್ಲಿ ಮಡಿದರು. ಕೋಲಾರ ಪಟ್ಟಣದಲ್ಲಿರುವ ಮಕ್ಬರಾ ಅವರದೇ.

1768ರ ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗಳ ನಡುವೆ ಹೈದರ್ ಮತ್ತು ಕರ್ನಲ್ ವುಡ್‌ನ ಇಂಗ್ಲಿಷ್ ಸೇನೆಗಳು ಎದುರಾದವು. ಸೋಲಿನ ಅಂಚಿಗೆ ಬಂದಿದ್ದ ಇಂಗ್ಲಿಷರು, ಜನರಲ್ ಸ್ಮಿತ್‌ನ ನೆರವು ಬಂತೆಂದು ಕೂಗೆಬ್ಬಿಸಿ ಹೇಗೋ ಪಾರಾದರು. ಮರುವರ್ಷವೇ ಹೈದರ್ ಮದ್ರಾಸಿನ ಹೊಸ್ತಿಲವರೆಗೆ ಹೋಗಿ ಒಪ್ಪಂದಕ್ಕೆ ಸಹಿ ಹಾಕಿಸಿದರು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಅವರು ತೀರಿಕೊಂಡಾಗ ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದರು. ಸುದ್ದಿ ಹಬ್ಬಿದರೆ ಸೇನೆ ಕದಡೀತು. ಆದ್ದರಿಂದ ಪಾರ್ಥಿವ ಶರೀರವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವಂತೆ ಕಾವಲಿನೊಡನೆ ಕೋಲಾರಕ್ಕೆ ತಂದರು. ಶ್ರೀರಂಗಪಟ್ಟಣದ ಗುಂಬಜ್ ಸೇರುವ ಮೊದಲು ಆ ಶರೀರ ಇರಿಸಲ್ಪಟ್ಟದ್ದು ಕೋಲಾರದ ಈ ಮಕ್ಬರಾದಲ್ಲಿ, ತಂದೆಯ ಪಕ್ಕದಲ್ಲಿ. ಗುಂಬಜ್ ನೋಡಲು ಬಸ್ಸುಗಳಲ್ಲಿ ಹೋಗುವ ನಾವು ಕೋಲಾರವನ್ನು ಹಾಯುವಾಗ ಇದನ್ನು ನೆನೆಯುತ್ತೇವೆಯೇ?

ಈ ದಾರಿ ನಮಗಷ್ಟೇ ಸೇರಿದ್ದಲ್ಲ. ಗಂಗರು ಆಳಿದ ಕೋಲಾರದಲ್ಲಿ ಚೋಳರ ಕಾಲದ ಶಾಸನಗಳಿರುವ ಕೋಲಾರಮ್ಮ ಗುಡಿಯಿದೆ, ಸುಂದರ ಕೆತ್ತನೆಯ ಸೋಮೇಶ್ವರ ಗುಡಿಯಿದೆ, ಬೆಟ್ಟದ ಮೇಲೆ ಅಂತರಗಂಗೆಯ ಚಿಲುಮೆಯಿದೆ. ಮುಳಬಾಗಿಲಿನಲ್ಲಿ ಹಜರತ್ ಬಾಬಾ ಹೈದರ್ ವಲಿಯವರ ದರ್ಗಾ ಇದೆ. ಅಲ್ಲಿಗೆ ಬರುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಸಮೀಪದ ಆವಣಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇಗುಲಗಳಿವೆ. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಟ್ಟ ಶ್ರೀನಿವಾಸಪುರದ ಕಡೆ ಹೊರಳಿದರೆ ಬೇಸಿಗೆಯಲ್ಲಿ ಮಾವಿನ ಮಂಡಿಗಳು ತುಂಬಿ ತುಳುಕುತ್ತಿರುತ್ತವೆ. ಹಂಚು, ಇಟ್ಟಿಗೆಗೆ ಹೆಸರಾದ ಮಾಲೂರಿದೆ. ಮುಳಬಾಗಿಲು ದೋಸೆಯ ರುಚಿಯನ್ನಂತೂ ಹೇಳಬೇಕಾಗಿಲ್ಲ.

ದಾರಿಬದಿಯ ಜಾಗಗಳು ಬದುಕುವುದು ದಾರಿಹೋಕರಿಂದ. 1864ರಲ್ಲಿ ಮದ್ರಾಸಿನ ರೈಲು ಬೆಂಗಳೂರಿಗೆ ಬಂದಾಗ ಹಳಿ ಮಾಲೂರನ್ನು ಮುಟ್ಟಿತು. ಕೋಲಾರ, ಮುಳಬಾಗಿಲುಗಳನ್ನು ಬದಿಗೆ ಬಿಟ್ಟಿತು. ಈಗ ಸುಮಾರು 260 ಕಿ.ಮೀ. ಉದ್ದದ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಕೂಡ ಮಾಲೂರು, ಬಂಗಾರಪೇಟೆಯ ಕಡೆಯಿಂದಲೇ ಸಾಗುತ್ತದೆ. ವೇಗವಾಗಿ ಊರು ಸೇರುವುದು ಒಳ್ಳೆಯದೇ. ಆದರೆ ನಿಲ್ಲುವವರು ಕಡಿಮೆಯಾದಂತೆ ಕಟ್ಟಡವನ್ನು ಕೇಳುವವರೂ ಕಡಿಮೆಯಾಗುತ್ತಾರೆ. ಕೇಳುವವರಿಲ್ಲದ ಗೋಡೆಗೆ ಮೊದಲು ಪೋಸ್ಟರು ಬರುತ್ತದೆ, ಆಮೇಲೆ ಅಂಗಡಿ, ಕೊನೆಗೆ ಗೋಡೆಯೇ ಇರುವುದಿಲ್ಲ.

ಅಲಕ್ಷ್ಯದಷ್ಟೇ ಅಪಾಯ ತಿಳಿಯದೆ ಮಾಡುವ ಸೇವೆಯಿಂದಲೂ ಇದೆ. ಹಳೆಯ ಕಟ್ಟಡಗಳ ಗಾರೆ ಸುಣ್ಣದ್ದು. ಅದು ತೇವವನ್ನು ಒಳಗೆ ಹಿಡಿದಿಡದೆ ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ, ಎಣ್ಣೆಬಣ್ಣ ಬಳಿದರೆ, ಹೊಳೆಯುವ ಟೈಲ್ಸ್ ಹಾಕಿದರೆ ನೀರು ಒಳಗೇ ನಿಂತು ಗಾರೆ ಉದುರುತ್ತದೆ, ಕಲ್ಲು ಸವೆಯುತ್ತದೆ. ಭಕ್ತಿಯಿಂದ ಕೊಟ್ಟ ಹಣವೇ ಹೀಗೆ ಇತಿಹಾಸವನ್ನು ಅಳಿಸಿಬಿಡಬಹುದು. ದಾನ ಕೊಡುವವರೂ ಆಡಳಿತ ಸಮಿತಿಯವರೂ ದುರಸ್ತಿಗೆ ಮುನ್ನ ಪುರಾತತ್ವ ಇಲಾಖೆಯ ಅಥವಾ ಸುಣ್ಣದ ಕೆಲಸ ಬಲ್ಲವರ ಸಲಹೆ ಪಡೆಯಲಿ. ಛಾವಣಿಯ ಮೇಲೆ ಬೇರುಬಿಟ್ಟ ಅರಳಿ ಸಸಿಯನ್ನು ಚಿಕ್ಕದಿರುವಾಗಲೇ ತೆಗೆಸುವುದು, ಮಳೆನೀರು ಹರಿದುಹೋಗುವಂತೆ ನೋಡಿಕೊಳ್ಳುವುದು: ಇವು ಖರ್ಚು ಕಡಿಮೆಯ, ಫಲ ಹೆಚ್ಚಿನ ಕೆಲಸಗಳು.

ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದನ್ನೂ ಪ್ರವಾದಿಯವರು(ಸ) ಸದಕಾ ಎಂದು ಕಲಿಸಿದ್ದಾರೆ. ಮಕ್ಬರಾದ ಆವರಣದ ಕಸ ಎತ್ತುವುದು, ದಾರಿಹೋಕರಿಗೆ ಕುಡಿಯುವ ನೀರು ಇಡುವುದು, ಕನ್ನಡ ಮತ್ತು ಉರ್ದುವಿನಲ್ಲಿ ನಾಲ್ಕು ಸಾಲಿನ ಫಲಕ ಹಾಕಿಸುವುದು ಅದೇ ಸಾಲಿಗೆ ಸೇರುವ ಕೆಲಸಗಳಲ್ಲವೇ? ಕುರ್‌ಆನ್ ಕೂಡ ಭೂಮಿಯಲ್ಲಿ ಸಂಚರಿಸಿ, ಹಿಂದಿನವರ ಗತಿಯಿಂದ ಪಾಠ ಕಲಿಯುವಂತೆ ಮತ್ತೆ ಮತ್ತೆ ಕರೆಯುತ್ತದೆ.

ಮುಂದಿನ ರಜೆಯಲ್ಲಿ ತಿರುಪತಿ ಕಡೆಯ ನೆಂಟರ ಮನೆಗೋ ಚೆನ್ನೈಗೋ ಹೊರಟರೆ ಒಮ್ಮೆ ಹಳೆಯ ರಸ್ತೆಯನ್ನೇ ಹಿಡಿಯಿರಿ. ಕೋಲಾರದಲ್ಲಿ ಗಾಡಿ ನಿಲ್ಲಿಸಿ, ಫತೇ ಮುಹಮ್ಮದರ ಮಕ್ಬರಾ ತೋರಿಸಿ ಮಕ್ಕಳಿಗೆ ಆ ಪೆಟ್ಟಿಗೆಯ ಕಥೆ ಹೇಳಿ. ಗುಡಿಗಳ ಕೆತ್ತನೆಯನ್ನೂ ತೋರಿಸಿ. ಮುಳಬಾಗಿಲಿನಲ್ಲಿ ದೋಸೆ ತಿನ್ನಿಸಿ, ಮಾವಿನ ಕಾಲವಾದರೆ ಒಂದು ಬುಟ್ಟಿ ಹಣ್ಣು ಕೊಳ್ಳಿ. ತಿಂದ ರುಚಿಯ ಜೊತೆ ಕೇಳಿದ ಕಥೆಯೂ ಮಕ್ಕಳ ನೆನಪಿನಲ್ಲಿ ಉಳಿಯುತ್ತದೆ. ನಾಳೆ ಆ ಗೋಡೆಗಳಿಗಾಗಿ ಮಾತನಾಡಬೇಕಾದವರು ಅವರೇ.